ಉತಾರ ಕೊಟ್ಟವರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪಹಣಿ ಅಂದರೆ ಉತಾರ. ಬೆಳೆಸಾಲಕ್ಕೆ ಸೊಸೈಟಿಯಲ್ಲೂ ವಾಟ್ನಿ (ಆಸ್ತಿ ಪಾಲಿನ) ಜಗಳದಲ್ಲಿ ವಕೀಲರ ಮುಂದೆಯೂ ಮೊದಲು ಕೇಳುವುದು ಅದನ್ನೇ. ಅದನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆಯನ್ನು ಎಲ್ಲರೂ ಹೊಗಳುವುದು ಬೇಗ ಕೆಲಸವಾಗುತ್ತದೆ ಎಂದು. ನನಗೆ ಹಿಡಿಸಿದ್ದು ಬೇರೆ: ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ಕಟ್ಟಳೆ. ತಲಾಠಿಯ ಕೈಬರಹದ ಕಾಲದಲ್ಲಿ ‘ನಾ ಬರದಿಲ್ರೀ’ ಎಂದು ಜಾರಿಕೊಳ್ಳಲು ಇದ್ದ ಸಂದು ಅಲ್ಲಿಗೆ ಕಿರಿದಾಯಿತು.

ಒಳಬಾಗಿಲಿಗೆ ಇರುವ ಈ ಬಿಗಿ ಹೊರಬಾಗಿಲಿಗೆ ಇಲ್ಲ. ಸರ್ಕಾರಿ ಜಾಲತಾಣದಲ್ಲಿ ಉತಾರ ತೆರೆದಾಗ ಬ್ರೌಸರಿನಲ್ಲಿ ಬೀಗದ ಗುರುತು ಕಾಣುತ್ತದೆ. ಅದು ನೋಡುತ್ತಿರುವವನಿಗಷ್ಟೇ ಭರವಸೆ. ಆ ಬೀಗದ ಹಿಂದಿರುವ ಟಿಎಲ್‌ಎಸ್ ವ್ಯವಸ್ಥೆಯಲ್ಲಿ ಸರ್ವರ್ ತನ್ನ ಗುರುತನ್ನು ಸಹಿ ಮಾಡಿ ತೋರಿಸುವುದು ಸಂಪರ್ಕ ಶುರುವಾಗುವಾಗ ಮಾತ್ರ. ಆಮೇಲೆ ಬರುವ ಮಾಹಿತಿಗೆ ಬೀಳುವ ಮುದ್ರೆ ಇಬ್ಬರ ಬಳಿಯೂ ಇರುವ ಗುಟ್ಟಿನ ಕೀಲಿಯದು. ಸರ್ವರ್ ಒತ್ತಬಲ್ಲ ಮುದ್ರೆಯನ್ನು ರೈತನ ಕಂಪ್ಯೂಟರೂ ಒತ್ತಬಲ್ಲದು. ಹಾಗಾಗಿ ಸಂಭಾಷಣೆಯನ್ನೆಲ್ಲ ಉಳಿಸಿಟ್ಟು ತಂದರೂ ‘ಇದನ್ನು ಕಳಿಸಿದ್ದು ತಹಶೀಲ್ದಾರ್ ಕಚೇರಿಯೇ’ ಎಂದು ಬ್ಯಾಂಕಿಗೆ ತೋರಿಸಿಕೊಡಲು ಆಗದು. 2018ರ ಟಿಎಲ್‌ಎಸ್ 1.3 ಕೂಡ ಇದನ್ನು ಬದಲಿಸಿಲ್ಲ. ಅದರ ಉದ್ದೇಶವೂ ಅದಲ್ಲ. ಇನ್ನು ಸ್ಕ್ರೀನ್‌ಶಾಟಿನ ಮಾತು ಬಿಡಿ.

ಈ ಕೊರತೆ ತುಂಬಲು ಹೊರಟ ಟಿಎಲ್‌ಎಸ್‌ನೋಟರಿ ಎಂಬ ಪ್ರಯತ್ನ ಪಂಚರನ್ನು ಕೂಡಿಸಿದ ಹಾಗೆ: ಕೀಲಿಯ ಒಂದು ಪಾಲು ಮೂರನೆಯವನ ಕೈಯಲ್ಲಿ, ಪಡೆದವನು ಒಬ್ಬನೇ ತಿರುಚಲಾರ. ಜಾಣತನವೇ. ಆದರೆ ಪಂಚನೂ ಪಡೆದವನೂ ಒಳಗೊಳಗೇ ಕೂಡಿದರೆ? ಉತಾರಕ್ಕೆ ಇಷ್ಟು ಸುತ್ತು ಬೇಕಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಾಗಿದೆ. ಆ ಸಹಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು, ಆದರೆ ಅದನ್ನು ಹಾಕುವ ಕೀಲಿ ಸಹಿದಾರನ ಬಳಿ ಮಾತ್ರ ಇರುವುದರಿಂದ ಬೇರೆಯವರು ಹುಟ್ಟಿಸಲಾಗದು. ತೊಂದರೆ ಶುರುವಾಗುವುದು ಝೆರಾಕ್ಸ್ ಅಂಗಡಿಯಲ್ಲಿ. ಸಹಿಯಿದ್ದ ಕಡತ ಪ್ರಿಂಟಾದ ಕೂಡಲೇ ಆ ಸಹಿ ಬರೀ ಚಿತ್ರ. ಕಾಗದದ ಮೇಲಿನ ಸಂಖ್ಯೆ ಹಿಡಿದು ಜಾಲತಾಣದಲ್ಲಿ ನೋಡಿಕೊಳ್ಳಿ ಎಂದರೆ, ಕೊಟ್ಟವರನ್ನೇ ಮತ್ತೆ ಕೇಳಿದ ಹಾಗೆ. ಸರ್ವರ್ ಮಲಗಿದ ದಿನ ಅದೂ ಇಲ್ಲ.

ಇನ್ನು ಕೋರ್ಟಿಗೆ ಹೋದರೆ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ವಿದ್ಯುನ್ಮಾನ ದಾಖಲೆಯ ಜೊತೆ ಹ್ಯಾಶ್ (ಕಡತದಿಂದ ಲೆಕ್ಕಹಾಕಿ ತೆಗೆದ ಗುರುತು) ಬರೆದ ಪ್ರಮಾಣಪತ್ರ ಕೇಳುತ್ತದೆ. ಹ್ಯಾಶ್ ಹೇಳುವುದು ಕಡತ ಆಮೇಲೆ ಬದಲಾಗಿಲ್ಲ ಎಂದಷ್ಟೇ. ಅದು ಎಲ್ಲಿಂದ ಬಂತು ಎಂಬುದಕ್ಕೆ ಪ್ರಮಾಣಪತ್ರಕ್ಕೆ ಸಹಿ ಹಾಕಿದವರ ಮಾತನ್ನೇ ನಂಬಬೇಕು.

ಆಧಾರ್‌ನ ಕ್ಯೂಆರ್ ಚೌಕದೊಳಗೆ ವಿವರದ ಜೊತೆ ಪ್ರಾಧಿಕಾರದ ಸಹಿಯೂ ಇರುತ್ತದೆ. ಕಾಗದದ ಮೇಲಿದ್ದರೂ, ಇಂಟರ್‌ನೆಟ್ ಇಲ್ಲದಿದ್ದರೂ ಪರಿಶೀಲಿಸಬಹುದು. ಉತಾರದ ಮೂಲೆಯಲ್ಲೂ ಅಂಥದ್ದೊಂದು ಚೌಕಕ್ಕೆ ಜಾಗ ಧಾರಾಳವಾಗಿದೆ.