ಹೇಳಿ ಕರೆಸಿಕೊಂಡ ಪತ್ರಿಕೆ

ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ, ಓದುಗರ ಮನೆಬಾಗಿಲಿಗೇ ಕಾದಂಬರಿ ಮುಟ್ಟಿಸಿದವರು. ಇಮೇಲ್‌ನಲ್ಲಿ ಬರುವ ಪುಟ್ಟ ಪತ್ರಿಕೆಗಳನ್ನು ತೆರೆದಾಗಲೆಲ್ಲ ನನಗೆ ಆ ಗಂಟು ನೆನಪಾಗುತ್ತದೆ.

ಈಗ ಗಂಟು ಹೊರಲು ಸಬ್‌ಸ್ಟ್ಯಾಕ್, ಬಟನ್‌ಡೌನ್‌ನಂಥ ಸೇವೆಗಳಿವೆ. 2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್‌ನಲ್ಲಿ ಪುಕ್ಕಟೆ ಪತ್ರಿಕೆ ಕಳಿಸಲು ಕಾಸು ಕೊಡಬೇಕಿಲ್ಲ. ಓದುಗರಿಂದ ಹಣ ಪಡೆಯತೊಡಗಿದರೆ ಅದರಲ್ಲಿ ಶೇ. 10 ಸಬ್‌ಸ್ಟ್ಯಾಕ್‌ನ ಪಾಲು. ಕನ್ನಡ ಅಕ್ಷರಗಳ ಚಿಂತೆಯೂ ತೀರಿದೆ. ಯೂನಿಕೋಡ್‌ನಲ್ಲಿ ಬರೆದದ್ದು ಶಿರಸಿಯ ಫೋನಿನಲ್ಲೂ ಸಿಡ್ನಿಯ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲು ಸಿಗುತ್ತದೆ.

ಆದರೆ ನಾನು ನಿಜಕ್ಕೂ ಮೆಚ್ಚುವುದು ಓದುಗರ ಇಮೇಲ್ ವಿಳಾಸಗಳ ಪಟ್ಟಿಯನ್ನು. ಅದು ಬರೆಯುವವರದೇ ಸ್ವತ್ತು. ಸೇವೆ ಹಿಡಿಸದಿದ್ದರೆ ಪಟ್ಟಿಯನ್ನು ಇಳಿಸಿಕೊಂಡು ಬೇರೆ ಕಡೆ ಹೋಗಬಹುದು. ಫೇಸ್‌ಬುಕ್ಕಿನ ಸಾವಿರ ಗೆಳೆಯರನ್ನು ಹಾಗೆ ಕರೆದೊಯ್ಯಲಾದೀತೇ? ಪ್ರತಿ ಸಂಚಿಕೆಯ ಅಡಿಯಲ್ಲಿ ಚಂದಾ ನಿಲ್ಲಿಸುವ ಕೊಂಡಿಯೂ ಇರುತ್ತದೆ. ಅದು ಓದುಗನಿಗೆ ಸಲ್ಲುವ ಮರ್ಯಾದೆ. ಬೇಡವೆಂದಾಗ ಎದ್ದುಹೋಗಬಲ್ಲವನು ಕೂತು ಓದುತ್ತಿದ್ದಾನೆಂದರೆ ಆ ಓದಿಗೆ ತೂಕ ಹೆಚ್ಚು. ಕೇಳದೆ ಯಾರ ವಿಳಾಸವನ್ನೂ ಪಟ್ಟಿಗೆ ಸೇರಿಸಬಾರದು ಎಂದು ನಾನು ಹಟ ಹಿಡಿಯುವುದೂ ಇದಕ್ಕೇ.

ಜಾನಪದವೋ ತೋಟದ ಅನುಭವವೋ ಊರಿನ ಚರಿತ್ರೆಯೋ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಆರಿಸಿಕೊಳ್ಳಿ. ಹತ್ತು ಜನರ ಒಪ್ಪಿಗೆ ಕೇಳಿ, ಈ ಭಾನುವಾರವೇ ಮೊದಲ ಸಂಚಿಕೆ ಕಳಿಸಿ.