ಮರಳಿ ಬಂದ ಇರುವೆ ಹೇಳಿದ್ದು

ಇರುವೆ ನೋಡಬೇಕೆಂದರೆ ಸಕ್ಕರೆ ಚೆಲ್ಲಬೇಡಿ. ಸಕ್ಕರೆಗೆ ಮುತ್ತಿದ ಇರುವೆ ಸಂತೆಯ ಮಂದಿಯ ಹಾಗೆ. ಗದ್ದಲ ಕಾಣುತ್ತದೆ, ಮನೆತನ ಕಾಣುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿರವಾರದ ಸುತ್ತ ಭತ್ತ ಹಬ್ಬಿದರೂ ನೀರು ಹತ್ತದ ಎರೆ ಹೊಲ ಅಲ್ಲಲ್ಲಿ ಉಳಿದಿವೆ. ಬಿಳಿಜೋಳದ ರಾಶಿ ಮುಗಿದ ಮೇಲೆ, ಹೊತ್ತು ಹುಟ್ಟುವಾಗ ಅಂಥ ಹೊಲದ ಬದುವಿಗೆ ಹೋಗಿ. ನೆಲದಲ್ಲೊಂದು ತೂತು, ಸುತ್ತ ಬಳೆಯಂತೆ ಹೊಟ್ಟು ಬಿದ್ದಿದ್ದರೆ ಅದು ಕಾಳು ಕೂಡಿಡುವ ಇರುವೆಯ ಮನೆ. ಕುಕ್ಕರಗಾಲಲ್ಲಿ ಕುಳಿತರೆ ಹಾದಿಯವರು "ಏನ್ ಕಳಕೊಂಡೀರಿ ಸರ?" ಅಂತ ಕೇಳಿಯೇ ಕೇಳುತ್ತಾರೆ. ನನಗದು ರೂಢಿಯಾಗಿದೆ.

ಹೊಸಬರು ಹೊರಡುವ ಇರುವೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಮರಳುವುದನ್ನು. ಬಾಗಿಲಲ್ಲಿ ಎರಡು ಎದುರಾದರೆ ಕುಡಿಮೀಸೆಯಿಂದ ಮೈ ಸವರಿಕೊಳ್ಳುತ್ತವೆ, ಒಂದು ಕ್ಷಣ ಅಷ್ಟೇ. ಮೈಮೇಲಿನ ಮೇಣದಂಥ ಲೇಪದ ವಾಸನೆಯಲ್ಲಿ ನಮ್ಮ ಮನೆಯದೋ ಪರರದೋ ತಿಳಿಯುತ್ತದೆ. ಯಾವ ಕೆಲಸದ್ದು ಎಂಬುದೂ! ಅಮೆರಿಕದ ಅರಿಜೋನಾದ ಒಣನೆಲದಲ್ಲಿ ಇಂಥದೇ ಕಾಳಿರುವೆಗಳ ಬೆನ್ನು ಹತ್ತಿದವರು ಜೀವವಿಜ್ಞಾನಿ ಡೆಬೊರಾ ಗಾರ್ಡನ್. ಅಲ್ಲಿ ಬೆಳಗ್ಗೆ ಮೊದಲು ಹೊರಬೀಳುವುದು ಕಾವಲಿನವು. ಅವು ಮರಳದಿದ್ದರೆ ಕಾಳು ತರುವವು ಹೊಸ್ತಿಲು ದಾಟವು. ಗಾರ್ಡನ್ ಮತ್ತು ಅವರ ಜೊತೆಗಾರ ಮೈಕೆಲ್ ಗ್ರೀನ್ ಕಾವಲಿನವನ್ನು ತಡೆದಿಟ್ಟು, ಅವುಗಳ ಮೈವಾಸನೆ ಬಳಿದ ಸಣ್ಣ ಗಾಜಿನ ಮಣಿಗಳನ್ನು ಒಂದೊಂದಾಗಿ ಗೂಡಿನೊಳಗೆ ಬೀಳಿಸಿದರು. ಒಳಗಿನವು ಕಾಳಿಗೆ ಹೊರಟೇಬಿಟ್ಟವು. 2003ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆಮೇಲಿನ ಲೆಕ್ಕವೂ ಇಷ್ಟೇ ಸರಳ: ಕಾಳು ಹೊತ್ತವು ಬೇಗ ಬೇಗ ಮರಳಿದರೆ ಹೊರಡುವವು ಹೆಚ್ಚುತ್ತವೆ, ತಡವಾದರೆ ಇಳಿಯುತ್ತವೆ. ರಾಣಿ ಅಪ್ಪಣೆ ಕೊಡುವವಳಲ್ಲ, ಮೊಟ್ಟೆ ಇಡುವವಳು.

ಬಿಸಿಲೇರಿದ ಮೇಲೆ ಕೂರಬೇಡಿ. ನೆಲ ಕಾದಂತೆ ಇರುವೆಗಳು ದಾರಿಯಲ್ಲಿ ಬಿಟ್ಟ ವಾಸನೆ ಬೇಗ ಆರುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಬಾಗಿಲಲ್ಲಿ ಹೊಟ್ಟೊಂದೇ ಉಳಿದಿರುತ್ತದೆ.

ನಮಗೆ ಬದುವಿನಲ್ಲೇ ಕಾಣುವುದಾದರೂ, ಇರುವೆ ಕಾಳು ಕೂಡಿಡುತ್ತದೆ ಎಂಬುದನ್ನು ಯುರೋಪಿನ ಪಂಡಿತರು ಬಹುಕಾಲ ಕಟ್ಟುಕಥೆ ಎಂದಿದ್ದರು. ಅವರ ತಂಪು ನಾಡಿನ ಇರುವೆ ಕೂಡಿಡುವುದಿಲ್ಲ. ಜನ ಕಂಡದ್ದು ಇರುವೆಯ ಮರಿಯಿರುವ ಕೋಶವನ್ನೇ, ಕಾಳನ್ನಲ್ಲ ಎಂದು ಅವರ ವಾದ. 19ನೇ ಶತಮಾನದಲ್ಲಿ ಪುಣೆಯಲ್ಲಿದ್ದ ಸೇನಾಧಿಕಾರಿ ಸೈಕ್ಸ್, ಮಳೆಗೆ ನೆನೆದ ಹುಲ್ಲಿನ ಬೀಜವನ್ನು ಇರುವೆಗಳು ಹೊರತಂದು ಬಿಸಿಲಿಗೆ ಗುಡ್ಡೆ ಹಾಕಿದ್ದನ್ನು ಕಂಡು ಬರೆದ ಮೇಲೆ ಅವರು ಮೆತ್ತಗಾದರು.

ಹೋದ ಮುಂಗಾರಿನಲ್ಲಿ ಒಂದು ಮಳೆ ಬಿದ್ದ ಮರುದಿನ ಅಂಥದೇ ಗುಡ್ಡೆಯ ಮುಂದೆ ಕುಳಿತು ಈ ಸೈಕ್ಸ್ ಕಥೆಯನ್ನು ಹೊಲದ ಮುತ್ಯಾಗೆ ಸಂಭ್ರಮದಿಂದ ಹೇಳಿದೆ. ಅವನು ಬಗ್ಗಿ ನೋಡಿದ. "ನಮ್ಮ ಜ್ವಾಳನ ಒಣಾ ಹಾಕ್ಯಾವಲ್ಲೋ ತಮ್ಮಾ" ಅಂದ.