ವಯನಾಡಿನ ವಲಸೆಯ ಸಾಹಿತ್ಯ: ಪಾಡಿ, ಹಾಡಿ, ಹಾದಿ

ವಯನಾಡನ್ನು ಕುರಿತು ಮಲೆಯಾಳದಲ್ಲಿ ಬಂದಿರುವ ಕಾದಂಬರಿಗಳನ್ನೂ ಘಟ್ಟದ ಕೂಲಿಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಕಾದಂಬರಿಗಳನ್ನೂ ಒಂದೇ ಮಣೆಯ ಮೇಲಿಟ್ಟು ಓದುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಗಡಿನಾಡಿನ ಸಂಶೋಧನೆಯೆಂದರೆ ಶಾಸನ, ಬಸದಿ, ಅರಸರ ವಂಶಾವಳಿ ಎಂಬ ಭಾವನೆ ಬಲವಾಗಿ ಬೇರೂರಿದೆ. ಪನಮರದ ಬಳಿಯ ಪುಂಚವಯಲಿನ ವಿಷ್ಣುಗುಡಿ, ಜನಾರ್ದನಗುಡಿಗಳ ಕಂಬಗಳನ್ನು ತಡವಿ ನೋಡಿದ ಅಧ್ಯಾಪಕರು ಹಲವರುಂಟು. ಸುಲ್ತಾನ್ ಬತ್ತೇರಿಯ ಜೈನ ಬಸದಿಯನ್ನು ಕಾಣದವರು ವಿರಳ. ಅದೆಲ್ಲ ಆಗಬೇಕಾದ ಕೆಲಸವೇ. ಆದರೆ ಆ ಗುಡಿಗಳ ಸುತ್ತಲಿನ ತೋಟಗಳಿಗೆ ದುಡಿಯಲು ಬಂದವರು, ಅಲ್ಲಿಂದ ಕೊಡಗಿಗೂ ಗುಂಡ್ಲುಪೇಟೆಗೂ ದುಡಿಯಲು ಹೋದವರು, ಇವರ ವಿಷಯವಾಗಿ ಸಾಹಿತ್ಯ ಏನನ್ನು ಹೇಳಿದೆ, ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಒರೆಗಲ್ಲು ಬಹಳ ಸರಳವಾದುದು. ವಲಸೆ ಬಂದವನು ರಾತ್ರಿ ಎಲ್ಲಿ ಮಲಗುತ್ತಾನೆ? ಬಂದ ದಾರಿ ಅವನಿಗೆ ಹಿಂದಿರುಗುವುದಕ್ಕೂ ತೆರೆದಿದೆಯೆ? ವಲಸೆಯ ಕಥೆಗೆ ಕೈಹಾಕಿದ ಕೃತಿ ಈ ಎರಡನ್ನು ಬಲ್ಲುದಾದರೆ ಉಳಿದುದನ್ನೂ ಬಲ್ಲುದು. ಬಲ್ಲದಿದ್ದರೆ ಅದರ ಕರುಣೆ ಎಷ್ಟೇ ಉಕ್ಕಲಿ, ಅದು ದೂರದಿಂದ ಕಂಡವರ ಕರುಣೆ.

ಮೊದಲು ಮಾತಿನ ವಿಚಾರ. ಮಲೆಯಾಳಿಗಳು ವಲಸೆಯನ್ನು 'ಕುಡಿಯೇಟ್ಟಂ' ಎನ್ನುತ್ತಾರೆ. 'ಕುಡಿ' ಎಂದರೆ ಮನೆ, ಒಕ್ಕಲು. ನಮ್ಮ 'ಗುಡಿ', 'ಗುಡಿಸಲು'ಗಳ ಬಳಗದ ಪದ. 'ಏಟ್ಟಂ' ಎಂದರೆ ಏರುವಿಕೆ. ಒಕ್ಕಲೆಬ್ಬಿಸುವುದಕ್ಕೆ ಅವರಲ್ಲಿ 'ಕುಡಿಯಿರಕ್ಕಲ್' ಎಂಬ ಮಾತುಂಟು, ಅಂದರೆ ಮನೆಯಿಂದ ಇಳಿಸುವುದು. ಏರುವುದಕ್ಕೂ ಇಳಿಸುವುದಕ್ಕೂ ನಡುವೆ ಮನೆಯೇ ನಿಂತಿದೆ. ನಮ್ಮ ಬಯಲುಸೀಮೆಯ 'ಗುಳೆ' ಎಂಬ ಮಾತಿನಲ್ಲಿ ಊರು ಬಿಟ್ಟುದು ಮಾತ್ರ ಕೇಳಿಸುತ್ತದೆ. ಹೋದವನು ಎಲ್ಲಿ ಇಳಿದುಕೊಂಡನೆಂಬುದರ ಸುಳಿವಿಲ್ಲ.

ಇನ್ನೊಂದು ಪದ ಇದಕ್ಕಿಂತ ಹೆಚ್ಚು ಸ್ವಾರಸ್ಯವಾದುದು. ವಯನಾಡಿನ ಚಹಾ, ಏಲಕ್ಕಿ, ಕಾಫಿ ತೋಟಗಳಲ್ಲಿ ಆಳುಗಳಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳಿಗೆ 'ಪಾಡಿ' ಎಂದು ಹೆಸರು. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಗುವ ನಿಯಮವನ್ನು ನಾವು ತರಗತಿಯಲ್ಲಿ ವರ್ಷವೂ ಪಾಠ ಹೇಳುತ್ತೇವೆ. ಅದರಂತೆ ಪಾಡಿಯೇ ನಮ್ಮ ಹಾಡಿ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿಯೂ ಕೊಡಗಿನಲ್ಲಿಯೂ ಜೇನುಕುರುಬರ, ಎರವರ ವಸತಿಗೆ ಹಾಡಿ ಎಂದೇ ಹೆಸರು. ಚೋಳರ ಶಾಸನಗಳು ಗಂಗಪಾಡಿ, ನುಳಂಬಪಾಡಿ ಎಂದು ನಮ್ಮ ನಾಡುಗಳನ್ನೇ ಈ ಪದದಿಂದ ಕರೆದಿವೆ. ಒಂದು ನಾಡಿಗೆ ಸಲ್ಲುತ್ತಿದ್ದ ಪದ ಸವೆದು ಸವೆದು ಒಂದು ಕೋಣೆ, ಒಂದು ಒಲೆ, ಮುಂದೊಂದು ಜಗಲಿ ಇಷ್ಟಕ್ಕೆ ಬಂದು ನಿಂತಿದೆ. ಅರ್ಥದ ಇಳಿತ ಇಷ್ಟೇ ಅಲ್ಲ. ಹಾಡಿ, ಅದೆಷ್ಟು ಬಡವಾಗಿದ್ದರೂ, ಅಲ್ಲಿ ವಾಸಿಸುವವನದು. ಪಾಡಿಯಾದರೋ ತೋಟದ ಒಡೆಯನದು. ತೋಟದ ಆಳುಗಳಿಗೆ ಮನೆ ಕೊಡುವುದು ಒಡೆಯನ ಹೊಣೆಯೆಂದು 1951ರ ತೋಟಗಾರಿಕಾ ಕಾರ್ಮಿಕ ಕಾನೂನು ವಿಧಿಸಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಕೂಲಿಯ ಜೊತೆಗೆ ಕಟ್ಟಿಹಾಕಿದ ಮನೆ ಕೂಲಿ ತಪ್ಪಿದಂದು ತಾನೂ ತಪ್ಪುತ್ತದೆ. ಮೂರು ತಲೆಮಾರು ಬಾಳಿದವನೂ ಅಲ್ಲಿ ಬಿಡಾರದವನೇ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಎಸ್. ಕೆ. ಪೊಟ್ಟೆಕ್ಕಾಟ್ಟರ 'ವಿಷಕನ್ಯಕ'ವನ್ನು (1948) ನೋಡೋಣ. ತಿರುವಿತಾಂಕೂರಿನ ಕ್ರೈಸ್ತ ರೈತರು ಇದ್ದುದನ್ನು ಮಾರಿ ಮಲಬಾರಿನ ಕಾಡಿಗೆ ಬಂದು, ಮಲೇರಿಯಾಕ್ಕೂ ಕಾಡುಮೃಗಕ್ಕೂ ತುತ್ತಾಗುವ ಕಥೆ ಅದು. ಭೂಮಿಯನ್ನು ಮೋಹಿಸಿ ಕೊಲ್ಲುವ ಕನ್ಯೆಯೆಂದು ಕಂಡ ಕಲ್ಪನೆ ಬಲವಾದುದು. ಇಂದಿಗೂ ಅದರ ಹಿಡಿತ ಸಡಿಲವಾಗಿಲ್ಲ. ಊರಿನ ಮನೆ ಮಾರಿ ಬಂದವನಿಗೆ ಹಿಂದಿರುಗುವ ದಾರಿ ಹೇಗೆ ಕಡಿದುಹೋಗುತ್ತದೆಂಬುದನ್ನು ಪೊಟ್ಟೆಕ್ಕಾಟ್ಟರು ಚೆನ್ನಾಗಿ ಬಲ್ಲರು. ಆದುದರಿಂದ ನಮ್ಮ ಒರೆಗಲ್ಲಿನಲ್ಲಿ ಈ ಕೃತಿ ಅರ್ಧ ಗೆಲ್ಲುತ್ತದೆ. ಸೋಲುವುದೆಲ್ಲಿ? ಭೂಮಿ ಕನ್ಯೆಯಾಗಬೇಕಾದರೆ ಅದರ ಮೇಲೆ ಮೊದಲೇ ಯಾರೂ ಇರಕೂಡದು. ಇದ್ದರು. ಪಣಿಯರು, ಅಡಿಯರು, ಕುರಿಚ್ಯರು, ಕುರುಮರು ಇದ್ದರು. ಕಾದಂಬರಿಯ ಕಣ್ಣು ಬಂದವರ ಮೇಲೆ ನೆಟ್ಟಿರುವುದರಿಂದ ಇದ್ದವರು ಕಾಡಿನ ಭಾಗವಾಗಿಬಿಡುತ್ತಾರೆ. ಚರಿತ್ರೆ ಕಾದಂಬರಿಯನ್ನು ಇನ್ನೊಂದು ಬಗೆಯಲ್ಲಿಯೂ ಸುಳ್ಳು ಮಾಡಿತು. ಡಿ.ಡಿ.ಟಿ. ಬಂದು ಮಲೇರಿಯಾ ಅಡಗಿದ ಮೇಲೆ ಬಂದವರು ಸೋತು ಹಿಂದಿರುಗಲಿಲ್ಲ, ನೆಲೆನಿಂತರು. ಗದ್ದೆ, ಇಗರ್ಜಿ, ಶಾಲೆಗಳನ್ನು ಕಟ್ಟಿದರು. ಎರಡನೆಯ ಮಹಾಯುದ್ಧದ ತರುವಾಯ ಮದರಾಸು ಸರಕಾರವೇ ಅಂಬಲವಯಲಿನ ಕಡೆ ನಿವೃತ್ತ ಸೈನಿಕರಿಗೆ ನೆಲ ಹಂಚಿ ನೆಲೆಗೊಳಿಸುವ ಯೋಜನೆ ಹೂಡಿತು. ಕರೆದು ಕೂರಿಸಿದ ವಲಸೆಯೂ ಉಂಟೆಂಬುದಕ್ಕೆ ಇದು ನಿದರ್ಶನ.

ಅದೇ ಕಾಲಕ್ಕೆ ಮಾನಂತವಾಡಿಯ ಬಳಿಯ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ಏನು ನಡೆಯುತ್ತಿತ್ತು? ಜನ್ಮಿಗಳು ಅಡಿಯರಿಗೂ ಪಣಿಯರಿಗೂ 'ನಿಲ್ಪುಪಣಂ' ಎಂಬ ಮುಂಗಡ ಕೊಟ್ಟು ದೇವಿಯ ಮುಂದೆ ಒಂದು ವರ್ಷದ ದುಡಿಮೆಗೆ ಕಟ್ಟಿಕೊಳ್ಳುತ್ತಿದ್ದರು. ಹಣ ಹಿಡಿದ ಮೇಲೆ ವರ್ಷ ತುಂಬುವವರೆಗೆ ಒಡೆಯನ ಗದ್ದೆ ಬಿಟ್ಟು ಹೋಗುವಂತಿಲ್ಲ. ನೆಲದ ಮೂಲದವನು ನೆಲದ ಮೇಲೆಯೇ ಪರದೇಶಿಯಾದ ಈ ವಿಪರ್ಯಾಸವನ್ನು ಮಲೆಯಾಳದ ಕಾದಂಬರಿಯಲ್ಲಿ ಎದುರಿಗೆ ನಿಂತು ನೋಡಿದವರು ಪಿ. ವತ್ಸಲ ಅವರು, ವೃತ್ತಿಯಿಂದ ನಮ್ಮವರೇ, ಅಧ್ಯಾಪಿಕೆ. ಅವರ 'ನೆಲ್ಲು' (1972) ತಿರುನೆಲ್ಲಿಯ ಕಣಿವೆಯ ಅಡಿಯರ ಕಥೆ. 1974ರಲ್ಲಿ ರಾಮು ಕಾರ್ಯಾಟ್ ಅದನ್ನು ಚಲನಚಿತ್ರವಾಗಿಸಿದರು. ಹೊರಗಿನಿಂದ ಬಂದ ರಾಘವನ್ ನಾಯರನಿಗೆ ಆ ಕಣಿವೆಯಲ್ಲಿ ಬೇರೂರಲು ಎಡೆಯುಂಟು; ಅಲ್ಲಿಯೇ ಹುಟ್ಟಿದ ಅಡಿಯನಿಗೆ ಇಲ್ಲ. ಲೇಖಕಿ ಇದನ್ನು ಎಲ್ಲಿಯೂ ಸೂತ್ರಮಾಡಿ ಹೇಳುವುದಿಲ್ಲ, ಕಥೆಯ ನಡೆಯಲ್ಲಿ ತೋರಗೊಡುತ್ತಾರೆ. ನಮಗೆ 'ವಿಷಕನ್ಯಕ'ಕ್ಕಿಂತ 'ನೆಲ್ಲು' ಹಿರಿದೆನಿಸುವುದು ಈ ಕಾರಣಕ್ಕೆ. ಶೈಲಿಯಲ್ಲಿ ಅಲ್ಲಲ್ಲಿ ಭಾವುಕತೆ ಹೆಚ್ಚೆಂಬ ಆಕ್ಷೇಪ ನಿಲ್ಲುವಂಥದೇ. ಅಷ್ಟರಿಂದ ಕೃತಿ ಕುಗ್ಗುವುದಿಲ್ಲ.

ಆಶ್ರಯ ಬೇಡಿ ಓಡುವವರ ಕಥೆ ಬೇಕಾದವರು ಕೆ. ಜೆ. ಬೇಬಿಯವರ 'ಮಾವೇಲಿಮನ್ಱಂ' ಓದಬೇಕು. ಬೇಬಿಯವರು (ಮರಣ 2024) ತಾವೇ ಕಣ್ಣೂರಿನ ಕಡೆಯಿಂದ ಬಂದು ವಯನಾಡಿನಲ್ಲಿ ನೆಲೆಸಿ, ನಡವಯಲಿನಲ್ಲಿ 'ಕನವು' ಎಂಬ ಶಾಲೆಯನ್ನು ನಡೆಸಿ ಆದಿವಾಸಿ ಮಕ್ಕಳಿಗೆ ಕಲಿಸಿದವರು. ಒಡೆಯರ ಹಿಡಿತದಿಂದ ತಪ್ಪಿಸಿಕೊಂಡು, ಎಲ್ಲರೂ ಸಮನಾಗಿದ್ದ ಮಾವೇಲಿಯ ನೆಲೆಯನ್ನು ಅರಸುತ್ತ ಕಾಡು ಹೊಗುವ ಅಡಿಯಾಳುಗಳು ಈ ಕಾದಂಬರಿಯ ಜೀವ. ಇಲ್ಲಿ ಮನೆಯೆಂಬುದು ಗೋಡೆಯಲ್ಲ, ಯಾರೂ ಬಂದು ಹಿಡಿದೊಯ್ಯದ ಒಂದು ರಾತ್ರಿ. ದಾರಿಯೆಂಬುದು ಗುಟ್ಟು. ಬಂದವರೊಬ್ಬರು ಇದ್ದವರ ಕಥೆಯನ್ನು ಇಷ್ಟು ಒಳಗಿನಿಂದ ಬರೆಯಬಲ್ಲರೆಂಬುದು ನಮ್ಮ ಗಡಿನಾಡಿನ ಲೇಖಕರು ಮನಗಾಣಬೇಕಾದ ಸಂಗತಿ.

ದಾರಿಯ ಮಾತು ಬಂದುದರಿಂದ ಜನಪದರ ಒಂದು ಕಥೆಯನ್ನು ಬಿಡುವಂತಿಲ್ಲ. ತಾಮರಶ್ಶೇರಿ ಘಟ್ಟದ ದಾರಿಯನ್ನು ಇಂಗ್ಲಿಷ್ ಎಂಜಿನಿಯರನಿಗೆ ತೋರಿಸಿಕೊಟ್ಟವನು ಕರಿಂತಂಡನ್ ಎಂಬ ಪಣಿಯನಂತೆ. ದಾರಿ ಸಿಕ್ಕಿದ ಕೀರ್ತಿ ತನಗೇ ಉಳಿಯಲೆಂದು ಎಂಜಿನಿಯರನು ಅವನನ್ನು ಕೊಂದನಂತೆ. ಸತ್ತವನ ಆತ್ಮ ದಾರಿಹೋಕರನ್ನು ಕಾಡತೊಡಗಿದಾಗ ಮಂತ್ರವಾದಿಯೊಬ್ಬನು ಅದನ್ನು ಸರಪಳಿಯಿಂದ ಮರಕ್ಕೆ ಬಿಗಿದನಂತೆ. ಲಕ್ಕಿಡಿಯಲ್ಲಿ ಸರಪಳಿ ಸುತ್ತಿದ ಆ ಮರವನ್ನು ಇಂದಿಗೂ ತೋರಿಸುತ್ತಾರೆ. ಇದು ನಡೆದ ಸಂಗತಿಯೋ ಅಲ್ಲವೋ ಎಂದು ಚರ್ಚಿಸುವುದು ವ್ಯರ್ಥ. ಸಾಹಿತ್ಯದೃಷ್ಟಿಯಿಂದ ನೋಡಿದರೆ, ಎಲ್ಲರೂ ನಡೆಯುವ ದಾರಿಯ ಬಾಯಲ್ಲಿ ದಾರಿ ತೋರಿಸಿದವನೊಬ್ಬನೇ ಕದಲಲಾರದೆ ಕಟ್ಟಿಸಿಕೊಂಡು ನಿಂತಿರುವ ಈ ಚಿತ್ರಕ್ಕೆ ಸಾಟಿಯಾದುದನ್ನು ಮೇಲೆ ಹೇಳಿದ ಕಾದಂಬರಿಗಳಲ್ಲಿ ನಾವು ಕಾಣೆವು.

ಕನ್ನಡದ ಕಡೆಗೆ ಬರೋಣ. ಕಾರಂತರ 'ಚೋಮನ ದುಡಿ'ಯಲ್ಲಿ (1933) ಸಾಲ ತೀರಿಸಲು ಚೋಮನ ಮಕ್ಕಳಿಬ್ಬರು ಕಾಫಿಯ ತೋಟಕ್ಕೆ ಘಟ್ಟ ಹತ್ತುತ್ತಾರೆ. ಒಬ್ಬನನ್ನು ಜ್ವರ ತಿಂದಿತು. ಇನ್ನೊಬ್ಬನು ಕ್ರೈಸ್ತ ಹುಡುಗಿಯ ಕೈಹಿಡಿದು ಅಲ್ಲಿಯೇ ಉಳಿದ. ಆಮೇಲೆ ಹೋದ ಬೆಳ್ಳಿ ರೈಟರ ಮನ್ವೇಲನ ವಶಕ್ಕೆ ಬೀಳುತ್ತಾಳೆ, ಸಾಲ ತೀರುತ್ತದೆ. ಘಟ್ಟದ ದಾರಿ ಬಡವನಿಗೆ ಏರಲು ಸುಲಭ, ಇಳಿಯಲು ಕಷ್ಟ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಬೇರಾರೂ ತೋರಿಸಿಲ್ಲ. ಆದರೆ ಕಾರಂತರ ಗಮನವೆಲ್ಲ ಚೋಮನ ಗುಡಿಸಲಿನ ಮೇಲೆ, ಅವನ ದುಡಿಯ ಮೇಲೆ; ತೋಟದ ಬದುಕು ಅವರಿಗೆ ಬೇಕಾದಷ್ಟು ಮಾತ್ರ ಕಾಣುತ್ತದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಸೇರೆಗಾರ ರಂಗಪ್ಪಸೆಟ್ಟಿಯೂ ಘಟ್ಟದ ಕೆಳಗಿನ ಆಳುಗಳೂ ಇದ್ದಾರೆ. ಕಥೆ ಮಾತ್ರ ಮನೆತನದವರದು. ಒಟ್ಟಿನಲ್ಲಿ ನಮ್ಮ ಕಾದಂಬರಿ ಆಳನ್ನು ಹೊರಟ ಊರಿನಿಂದ ನೋಡಿದೆ, ಇಲ್ಲವೆ ಒಡೆಯನ ಚಾವಡಿಯಿಂದ ನೋಡಿದೆ. ಬಿಡಾರದ ಬಾಗಿಲಿನಿಂದ ನೋಡಿದ್ದು ಕಡಿಮೆ.

ನೋಡಬೇಕಾದದ್ದು ಬೇಕಾದಷ್ಟಿದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಫಲವಾಗಿ ಸಿಂಹಳದ ಚಹಾತೋಟಗಳಿಂದ ಬಂದ ತಮಿಳರ ಕೆಲವು ಕುಟುಂಬಗಳಿಗೆ ತಲಪ್ಪುಳದ ಕಂಬಮಲೆಯ ಸರಕಾರಿ ಚಹಾತೋಟದಲ್ಲಿ ಕೆಲಸವೂ ಪಾಡಿಯೂ ಸಿಕ್ಕಿದುವು. ನಮ್ಮ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಿಗೆ ಬಂದವರೂ ಅದೇ ಒಪ್ಪಂದದವರು. ಕಾಗದಪತ್ರಗಳಲ್ಲಿ ಇವರು 'ಮರಳಿ ಬಂದವರು'. ಸಿಂಹಳದಲ್ಲಿಯೇ ಹುಟ್ಟಿದವನು ತಾನೆಂದೂ ಕಾಣದ ನಾಡಿಗೆ ಮರಳುವುದೆಂತು? ಈ ಒಂದು ಪದದೊಳಗೆ ಒಂದು ಕಾದಂಬರಿ ಅಡಗಿದೆ. ಕನ್ನಡದಲ್ಲಿ ಅದು ಇನ್ನೂ ಬರಬೇಕಾಗಿದೆ.

2024ರ ಜುಲೈ 30ರ ಬೆಳಗಿನ ಜಾವ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಮಿಕ್ಕಿ ಜನ ಮಡಿದರು. ಮೇಪ್ಪಾಡಿ ಎಂಬ ಊರ ಹೆಸರಿನಲ್ಲಿಯೂ ನಮ್ಮ ಪಾಡಿ ಇದೆಯೆಂಬುದನ್ನು ವಾಚಕರು ಗಮನಿಸಿಯಾರು. ಸತ್ತವರಲ್ಲಿ ಮಂಡ್ಯ, ಚಾಮರಾಜನಗರದ ಕಡೆಯಿಂದ ತೋಟದ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರೂ ಇದ್ದರು. ಉತ್ತರ ಭಾರತದಿಂದ ಬಂದ ಕೂಲಿಗಳೂ ಇದ್ದರು. ಕರ್ನಾಟಕ ಸರಕಾರ ನೂರು ಮನೆ ಕಟ್ಟಿಕೊಡುವೆನೆಂದಿತು. 2025ರ ಮಾರ್ಚಿ 27ರಂದು ಕಲ್ಪೆಟ್ಟದ ಎಲ್‌ಸ್ಟನ್ ತೋಟದಲ್ಲಿ ಹೊಸ ಬಡಾವಣೆಗೆ ಅಡಿಗಲ್ಲು ಬಿತ್ತು. ಇದೆಲ್ಲ ಸ್ತುತ್ಯ. ಆದರೆ ಪಾಡಿಯಲ್ಲಿದ್ದವನು ಕಳೆದುಕೊಂಡದ್ದು ಏನೆಂದು ಬರೆಯಬೇಕು? ಮನೆ ಅವನದಲ್ಲ, ನೆಲ ಅವನದಲ್ಲ. ಪಾತ್ರೆ, ಚಾಪೆ, ಮಕ್ಕಳು ಅವನವು. ಆ ದಿನಗಳಲ್ಲಿ ಕನ್ನಡದಲ್ಲಿ ಬಂದ ಶೋಕಗೀತೆಗಳಲ್ಲಿ ನಾವು ಓದಿದವು ಬಹುಮಟ್ಟಿಗೆ ಪ್ರಕೃತಿಯ ಮುನಿಸನ್ನು ಹಾಡುತ್ತವೆ. ಬಡವನ ಬಿಡಾರ ಗುಡ್ಡದ ಬುಡದಲ್ಲಿಯೇ ಏಕಿತ್ತೆಂದು ಕೇಳುವ ಒಂದು ಸಾಲೂ ನಮಗೆ ಸಿಕ್ಕಲಿಲ್ಲ.

ಇತ್ತಣಿಂದ ಅತ್ತ ಹೋದವರಂತೆ ಅತ್ತಣಿಂದ ಇತ್ತ ಬರುವವರೂ ಉಂಟು. ವಯನಾಡಿನ ಪಣಿಯರೂ ಅಡಿಯರೂ ಜೀಪು ಹತ್ತಿ ಕುಟ್ಟದ ದಾರಿಯಲ್ಲಿ ಕೊಡಗಿನ ಕಾಫಿಗೂ ಶುಂಠಿಗೂ ಬರುತ್ತಾರೆ. ಹೋದವರು ಹಿಂದಿರುಗಲಿಲ್ಲ, ಸತ್ತ ಬಗೆ ತಿಳಿಯಲಿಲ್ಲ ಎಂಬ ದೂರುಗಳು ವಯನಾಡಿನಲ್ಲಿ ಮತ್ತೆ ಮತ್ತೆ ಎದ್ದಿವೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಗಡಿ ಮುಚ್ಚಿ, ಮಾಕುಟ್ಟದ ದಾರಿಗೆ ಮಣ್ಣು ಸುರಿದಾಗ ದಾರಿಯೆಂದರೆ ಏನೆಂಬುದು ಎಲ್ಲರಿಗೂ ತಿಳಿಯಿತು. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಆನೆಗೂ ನಿರ್ಭಯವಾದ ದಾರಿ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಈ ವಿಷಯವಾಗಿ ನಡೆದ ವಾದಗಳಲ್ಲಿ ವರ್ತಕರ ಮಾತು ಕೇಳಿಸಿತು, ಪ್ರಯಾಣಿಕರ ಮಾತು ಕೇಳಿಸಿತು, ಜೀಪಿನಲ್ಲಿ ಒತ್ತಿ ಕುಳಿತ ಕೂಲಿಯವನ ಮಾತು ಕೇಳಿಸಲಿಲ್ಲ.

2001ರಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದೆ ಸಿ. ಕೆ. ಜಾನು ಮೊದಲಾದವರು ಗುಡಿಸಲು ಕಟ್ಟಿ ಕುಳಿತರು. 2003ರಲ್ಲಿ ಮುತ್ತಂಗದ ಕಾಡಿನಲ್ಲಿ ಕಟ್ಟಿದ ಗುಡಿಸಲುಗಳು ಫೆಬ್ರವರಿ 19ರ ಗುಂಡಿನೇಟಿನೊಂದಿಗೆ ಮುಗಿದುವು. ಆ ಚಳವಳಿಯ ಹೆಸರೇ 'ಕುಡಿಲ್ ಕೆಟ್ಟಿ ಸಮರಂ'. ಕುಡಿಲ್ ಎಂದರೆ ಗುಡಿಸಲು. ನಮ್ಮ ಕಾದಂಬರಿಕಾರರು ಬಿಟ್ಟ ಪ್ರಶ್ನೆಯನ್ನು ಅಡಿಯರ ಮಗಳೊಬ್ಬಳು ಬಿದಿರು ಹುಲ್ಲುಗಳಲ್ಲಿ ಕಟ್ಟಿ ತೋರಿಸಿದಳು.

ಇನ್ನು ಅನುವಾದಕರಿಗೆ ಒಂದು ಮಾತು. ವಯನಾಡಿನ ಕೃತಿಗಳನ್ನು ಕನ್ನಡಕ್ಕೆ ತರುವಾಗ 'ಪಾಡಿ'ಗೆ ಏನೆನ್ನಬೇಕು? ಕೊಡಗಿನವರ 'ಲೈನ್‌ಮನೆ' ಚಲಾವಣೆಯ ಪದ, ಎಲ್ಲರಿಗೂ ತಿಳಿಯುತ್ತದೆ, ಅರ್ಥವೂ ಕೆಡದು. 'ಹಾಡಿ' ಎಂದರೆ ವ್ಯುತ್ಪತ್ತಿ ಸರಿ, ಸಂಗತಿ ತಪ್ಪು. ಇಲ್ಲದ ಒಡೆತನವನ್ನು ಕೊಟ್ಟಂತಾಗುತ್ತದೆ. ಅಡಿಯರ ಹೆಸರಿನಲ್ಲಿಯೂ ಇದೇ ತೊಡಕು. ವಯನಾಡಿನಲ್ಲಿ ಅಡಿಯರೆಂದೂ ಕೊಡಗಿನಲ್ಲಿ ಪಂಜಿರಿ ಎರವರೆಂದೂ ಕರೆಸಿಕೊಳ್ಳುವವರು ತಮ್ಮ ಮಾತಿನಲ್ಲಿ ರಾವುಳರು. ಗಡಿ ದಾಟಿದೊಡನೆ ಹೆಸರು ಬದಲಾಗುವ ಈ ಜನರ ಹಾಡುಗಳನ್ನು ಎರಡು ನಾಡಿನವರು ಎರಡು ಹೊತ್ತಗೆಗಳಲ್ಲಿ ಸಂಗ್ರಹಿಸಿದರೆ ಅರ್ಧರ್ಧವೇ ಕೈಗೆ ಬರುತ್ತದೆ. ಆದುದರಿಂದ ಅನುವಾದದಲ್ಲಿ ಪಾಡಿಯನ್ನು ಪಾಡಿಯೆಂದೇ ಇಟ್ಟು, ಅಡಿಯರನ್ನು ಅವರು ಹೇಳಿಕೊಳ್ಳುವಂತೆ ರಾವುಳರೆಂದು ಕರೆಯುವುದು ನಮಗೆ ಒಪ್ಪಿಗೆ. ತಿರುನೆಲ್ಲಿಯಿಂದ ಕುಟ್ಟಕ್ಕೆ ಇರುವುದು ಕೆಲವೇ ಮೈಲಿ. ಹಾಡು ಬರೆದುಕೊಳ್ಳಲು ಹೊರಟ ಅಧ್ಯಾಪಕರು ಎರಡು ಕಡೆಗೂ ಹೋಗಿ, ಒಂದೇ ಹಾಡನ್ನು ಎರಡು ಕಡೆಯೂ ಹಾಡಿಸಿ, ವ್ಯತ್ಯಾಸವನ್ನು ಗುರುತುಹಾಕಿಕೊಂಡರೆ ಮುಂದಿನ ಸಂಚಿಕೆಗೆ ಅದೇ ಒಂದು ಲೇಖನವಾದೀತು.